ನ್ಯಾಶ್‌ವಿಲ್‌ನಿಂದ ಅಪ್ಪನಿಗೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀವು, ಅಮ್ಮ, ಅಜ್ಜಿ ಕ್ಷೇಮವೆಂದು ನಂಬಿದ್ದೇನೆ. ಏಪ್ರಿಲ್‌ನಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಶಿವಪುರದ ಧ್ವಜ ಸತ್ಯಾಗ್ರಹದ ಬಗ್ಗೆ ಮಾತನಾಡಬೇಕಾಗಿದೆ, ಜೊತೆಗೆ ಅಮೆರಿಕದ ಕಪ್ಪು ಜನರ ಹೋರಾಟದ ಬಗ್ಗೆಯೂ ನಾಲ್ಕು ಮಾತು ಸೇರಿಸಬೇಕು ಎಂದಿರಿ. "ಬಿಸಿರಕ್ತದ ಹುಡುಗರು ಹೊಡೆಸಿಕೊಂಡು ಸುಮ್ಮನೆ ಕೂತದ್ದಾದರೂ ಹೇಗೆ?" ಎಂದು ಕೇಳಿದಿರಿ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು ಮಕ್ಕಳಿಗೆ ಪಾಠದಲ್ಲೇ ಬಂದಿರುತ್ತದೆ. ನೀವು ಅವರಿಗೆ ಈ ಊರಿನ ಕಥೆ ಹೇಳಿ. 1960ರಲ್ಲಿ, ಅಮೆರಿಕದ ದಕ್ಷಿಣ ಭಾಗದ ಈ ನ್ಯಾಶ್‌ವಿಲ್ ಪೇಟೆಯ ದೊಡ್ಡ ಅಂಗಡಿಗಳ ಒಳಗೇ ಲಂಚ್ ಕೌಂಟರ್‌ಗಳಿದ್ದವು. ಉದ್ದನೆಯ ಕಟ್ಟೆ, ಅದರ ಮುಂದೆ ಸಾಲಾಗಿ ಸ್ಟೂಲುಗಳು. ಕೂತು ಕಾಫಿ ಕುಡಿಯಬಹುದು, ಸ್ಯಾಂಡ್‌ವಿಚ್ ತಿನ್ನಬಹುದು. ಕಪ್ಪು ಹೆಂಗಸೊಬ್ಬಳು ಅದೇ ಅಂಗಡಿಯಲ್ಲಿ ಮಗುವಿಗೆ ಬಟ್ಟೆ, ಪುಸ್ತಕ, ಹಲ್ಲುಜ್ಜುವ ಪೇಸ್ಟು ಏನು ಬೇಕಾದರೂ ಕೊಳ್ಳಬಹುದಿತ್ತು. ಮಗು ಹಸಿವೆಂದು ಅತ್ತರೆ ಮಾತ್ರ ಆ ಸ್ಟೂಲಿನ ಮೇಲೆ ಕೂರಿಸುವಂತಿರಲಿಲ್ಲ. ಅವಳ ದುಡ್ಡಿಗೆ ಮೈಲಿಗೆ ಇರಲಿಲ್ಲ, ಅವಳಿಗಿತ್ತು.

ಇದನ್ನು ಮುರಿಯಲು ಹೊರಟ ಕಾಲೇಜು ವಿದ್ಯಾರ್ಥಿಗಳಿಗೆ ಗುರುವಾದವರು ಜೇಮ್ಸ್ ಲಾಸನ್. ಅವರ ಕಥೆಯನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಏಕೆಂದರೆ ಅದು ನಮ್ಮ ದೇಶವನ್ನು ಹಾದುಬಂದಿದೆ. ಕೊರಿಯಾ ಯುದ್ಧಕ್ಕೆ ಸೇನೆ ಸೇರಲು ಒಪ್ಪದೆ ಜೈಲು ಕಂಡವರು ಅವರು. ಆಮೇಲೆ 1953ರಲ್ಲಿ ಮೆಥಡಿಸ್ಟ್ ಚರ್ಚಿನ ಪರವಾಗಿ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. ಗಾಂಧೀಜಿ ತೀರಿಕೊಂಡು ಆಗಿನ್ನೂ ಐದಾರು ವರ್ಷ. ಗಾಂಧೀಜಿಯ ಜೊತೆ ನಡೆದವರು, ಜೈಲಿಗೆ ಹೋದವರು ಊರೂರಲ್ಲಿ ಇದ್ದ ಕಾಲ. ಸತ್ಯಾಗ್ರಹವನ್ನು ಲಾಸನ್ ಅಲ್ಲಿದ್ದುಕೊಂಡು ಅಭ್ಯಾಸ ಮಾಡಿದರು. ಅಲಬಾಮಾ ರಾಜ್ಯದ ಮಾಂಟ್ಗೊಮೆರಿಯಲ್ಲಿ, ಬಸ್ಸಿನ ಸೀಟಿನಲ್ಲೂ ಬಣ್ಣಭೇದ ಮಾಡುವುದನ್ನು ವಿರೋಧಿಸಿ ಕಪ್ಪು ಜನ ಬಸ್ ಹತ್ತುವುದನ್ನೇ ಬಿಟ್ಟಿದ್ದಾರೆ ಎಂಬ ಸುದ್ದಿ ಅವರ ಕಣ್ಣಿಗೆ ಬಿದ್ದದ್ದು ನಾಗಪುರದ ಪತ್ರಿಕೆಯೊಂದರಲ್ಲಿ! 1957ರಲ್ಲಿ ಕಿಂಗ್ ಅವರನ್ನು ಕಂಡಾಗ, ಓದು ಮುಗಿಯುವವರೆಗೆ ಕಾಯಬೇಡಿ, ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಈಗಲೇ ಬನ್ನಿ ಎಂದು ಕಿಂಗ್ ಒತ್ತಾಯಿಸಿದರು. ಲಾಸನ್ ನ್ಯಾಶ್‌ವಿಲ್‌ಗೆ ಬಂದು ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಸೇರಿದರು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಆ ಹುಡುಗರು ಸುಮ್ಮನೆ ಕೂತದ್ದು ಹುಟ್ಟುಗುಣದಿಂದಲ್ಲ. ಅವರು ಅದನ್ನು ಕಲಿತರು, ತಿಂಗಳುಗಟ್ಟಲೆ ಕಲಿತರು. ಕ್ಲಾರ್ಕ್ ಮೆಮೋರಿಯಲ್ ಚರ್ಚಿನಲ್ಲಿ ಸಂಜೆ ಹೊತ್ತು ಲಾಸನ್ ತರಗತಿ ನಡೆಸುತ್ತಿದ್ದರು. ಕುರ್ಚಿಗಳನ್ನು ಲಂಚ್ ಕೌಂಟರಿನಂತೆ ಸಾಲಾಗಿ ಇಡುವುದು. ಕೆಲವರು ಕೂರುವುದು, ಉಳಿದವರು ಪುಂಡರ ಪಾತ್ರ ವಹಿಸಿ ಅವರನ್ನು ಬಾಯಿಗೆ ಬಂದಂತೆ ಬೈಯುವುದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡುವುದು, ಕುರ್ಚಿಯಿಂದ ಕೆಡವುವುದು. ನಾಟಕದ ತಾಲೀಮಿನ ಹಾಗೆಯೇ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಕೆಳಗೆ ಬಿದ್ದಾಗ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಹೊಡೆಯುವವನ ಕಣ್ಣನ್ನೇ ಏಕೆ ನೋಡಬೇಕು, ಪಕ್ಕದವನಿಗೆ ಪೆಟ್ಟು ಬೀಳುತ್ತಿದ್ದರೆ ಅಡ್ಡ ಹೋಗಿ ಆ ಪೆಟ್ಟನ್ನು ಹೇಗೆ ಹಂಚಿಕೊಳ್ಳಬೇಕು, ಇದೆಲ್ಲ ಪಾಠ. ಸಿಟ್ಟು ತಡೆಯಲಾಗದವರನ್ನು ಕೌಂಟರಿಗೆ ಕಳುಹಿಸುತ್ತಿರಲಿಲ್ಲ. ಅಹಿಂಸೆಯೆಂದರೆ ಕೈಲಾಗದವರ ಮಾರ್ಗ ಎನ್ನುವವರು ಆ ಚರ್ಚಿನಲ್ಲಿ ಒಂದು ಸಂಜೆ ಕಳೆದಿದ್ದರೆ ಅಂಥ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ಎಂಬಲ್ಲಿ ನಾಲ್ವರು ವಿದ್ಯಾರ್ಥಿಗಳು ಇಂಥದೇ ಕೌಂಟರಿನಲ್ಲಿ ಕೂತರು. ಸಿದ್ಧರಾಗಿಯೇ ಇದ್ದ ನ್ಯಾಶ್‌ವಿಲ್‌ನವರು ಫೆಬ್ರವರಿ 13ರಂದು ಪೇಟೆಗಿಳಿದರು. ಕೋಟು, ಟೈ, ಒಳ್ಳೆಯ ಲಂಗ ತೊಟ್ಟು, ಪುಸ್ತಕ ಹಿಡಿದು ಬಂದು, ಕೇಳಿದ್ದನ್ನು ಕೊಡದಿದ್ದರೆ ಅಲ್ಲೇ ಕೂತು ಓದುತ್ತಿದ್ದರು. ಫೆಬ್ರವರಿ 27ರ ಶನಿವಾರ ಪುಂಡರು ಮೇಲೆ ಬಿದ್ದರು. ಸ್ಟೂಲಿನಿಂದ ಎಳೆದು ಹೊಡೆದರು, ಬೆನ್ನಿಗೆ ಸಿಗರೇಟಿನಿಂದ ಸುಟ್ಟರು. ಪೊಲೀಸರು ಹಿಡಿದದ್ದು ಹೊಡೆದವರನ್ನಲ್ಲ, ಹೊಡೆಸಿಕೊಂಡ 80ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು. ಒಂದು ಸಾಲನ್ನು ಹಿಡಿದೊಯ್ದರೆ ಇನ್ನೊಂದು ಸಾಲು ಬಂದು ಅದೇ ಸ್ಟೂಲುಗಳಲ್ಲಿ ಕೂತಿತು. ನ್ಯಾಯಾಲಯ 50 ಡಾಲರ್ ದಂಡ ಹಾಕಿದಾಗ, ದಂಡ ಕಟ್ಟಿದರೆ ಅನ್ಯಾಯಕ್ಕೆ ನಾವೇ ದುಡ್ಡು ಕೊಟ್ಟಂತೆ ಎಂದು ಅನೇಕರು ಜೈಲಿಗೇ ಹೋದರು. ಮುಂದೆ ಸಂಸತ್ ಸದಸ್ಯರಾದ ಜಾನ್ ಲೂಯಿಸ್ ಅವರಲ್ಲೊಬ್ಬರು. ಆಗ ತಾನೇ 20 ತುಂಬಿದ್ದ, ಅಲಬಾಮಾದ ರೈತರ ಮನೆಯ ಹುಡುಗ. ಈ ಹೋರಾಟದಲ್ಲಿ ತೊಡಗಿದ್ದಕ್ಕೆ ಲಾಸನ್ ಅವರನ್ನು ವಿಶ್ವವಿದ್ಯಾಲಯ ಹೊರಹಾಕಿತು.

ಕಟ್ಟೆಯ ಮುಂದೆ ಕೂತವರ ಚಿತ್ರಗಳು ಎಲ್ಲ ಕಡೆ ಸಿಗುತ್ತವೆ. ಮನೆಯಲ್ಲಿದ್ದವರು ಮಾಡಿದ್ದನ್ನು ಮಕ್ಕಳಿಗೆ ನೀವೇ ಹೇಳಬೇಕು. ಕಪ್ಪು ಜನ ಪೇಟೆಯ ಅಂಗಡಿಗಳಿಗೆ ಹೋಗುವುದನ್ನೇ ನಿಲ್ಲಿಸಿದರು. ಅದೂ ಈಸ್ಟರ್ ಹಬ್ಬದ ಮುಂಚೆ, ಯುಗಾದಿಗೆ ನಾವು ಮಾಡುವಂತೆ ಮನೆಮಂದಿಗೆಲ್ಲ ಹೊಸ ಬಟ್ಟೆ ತರುವ ಹೊತ್ತಿನಲ್ಲಿ. ತಾಯಂದಿರು ಮಕ್ಕಳಿಗೆ ಹಳೆಯ ಬಟ್ಟೆಯನ್ನೇ ಒಗೆದು ಹಾಕಿ ಚರ್ಚಿಗೆ ಕರೆದೊಯ್ದರು. ಗಲಾಟೆಯ ಭಯಕ್ಕೆ ಬಿಳಿಯರೂ ಪೇಟೆಗೆ ಬರುವುದು ಕಡಿಮೆಯಾಯಿತು. ವ್ಯಾಪಾರಿಗಳಿಗೆ ಬುದ್ಧಿ ಬರುವುದರಲ್ಲಿ ಆ ಖಾಲಿ ಗಲ್ಲಾಪೆಟ್ಟಿಗೆಯ ಪಾಲು ದೊಡ್ಡದು.

ಏಪ್ರಿಲ್ 19ರ ಬೆಳಗಿನ ಜಾವ, ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ಕಪ್ಪು ವಕೀಲ ಅಲೆಕ್ಸಾಂಡರ್ ಲೂಬಿ ಅವರ ಮನೆಗೆ ಯಾರೋ ಬಾಂಬ್ ಎಸೆದರು. ಎದುರಿದ್ದ ವೈದ್ಯಕೀಯ ಕಾಲೇಜಿನ ಕಿಟಕಿ ಗಾಜುಗಳೆಲ್ಲ ಪುಡಿಯಾದವು. ಗಂಡ ಹೆಂಡತಿ ಬದುಕಿಕೊಂಡದ್ದು ಪುಣ್ಯ. ಅಂದೇ ಸಾವಿರಾರು ಜನ ಘೋಷಣೆಯಿಲ್ಲದೆ, ಮೂರು ಮೂರು ಮಂದಿಯ ಸಾಲಿನಲ್ಲಿ ನಗರಸಭೆಗೆ ನಡೆದರು. ಮೆಟ್ಟಿಲ ಮೇಲೆ ಬಂದ ಮೇಯರ್ ಬೆನ್ ವೆಸ್ಟ್ ಅವರನ್ನು ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ನೇರವಾಗಿ ಕೇಳಿದಳು: ಬಣ್ಣವೊಂದನ್ನೇ ನೋಡಿ ಮನುಷ್ಯರಲ್ಲಿ ಭೇದ ಮಾಡುವುದು ತಪ್ಪೆಂದು ನಿಮಗೆ ಅನಿಸುತ್ತದೆಯೇ? ಮೇಯರ್ ಹೌದೆಂದರು, ಎಲ್ಲರ ಎದುರಿಗೆ. ಮರುದಿನದ ಪತ್ರಿಕೆಯಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆ ಮರುದಿನವೇ ಕಿಂಗ್ ಇಲ್ಲಿಗೆ ಬಂದವರು, ಸ್ಫೂರ್ತಿ ಕೊಡುವುದಕ್ಕಲ್ಲ, ಪಡೆಯುವುದಕ್ಕೆ ಬಂದಿದ್ದೇನೆ ಎಂಬ ಅರ್ಥದ ಮಾತಾಡಿದರು. ಮೇ 10ರಂದು ಆರು ಅಂಗಡಿಗಳ ಕೌಂಟರುಗಳು ಕಪ್ಪು ಜನರಿಗೂ ತೆರೆದವು. ಎಲ್ಲ ಹೋಟೆಲುಗಳ ಬಾಗಿಲು ತೆರೆಯಲು 1964ರ ನಾಗರಿಕ ಹಕ್ಕುಗಳ ಕಾಯ್ದೆಯವರೆಗೆ ಕಾಯಬೇಕಾಯಿತು.

ಇಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಈ ಹೋರಾಟಕ್ಕೆಂದೇ ಒಂದು ಕೋಣೆಯಿದೆ. ನಡುವೆ ದುಂಡನೆಯ ಕೌಂಟರ್, ಸುತ್ತ ಸ್ಟೂಲುಗಳು. ಆ ಮಕ್ಕಳು ಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದ ನಿಯಮಗಳನ್ನು ಕೌಂಟರಿನ ಮೇಲೆಯೇ ಬರೆದಿದ್ದಾರೆ. ಬೈದರೂ ತಿರುಗಿ ಬೈಯಬೇಡ, ಹೊಡೆಯಬೇಡ. ದಾರಿಗೆ ಅಡ್ಡ ನಿಲ್ಲಬೇಡ. ಜೋರಾಗಿ ನಗಬೇಡ. ನೆಟ್ಟಗೆ ಕೂರು, ಮುಖ ಕೌಂಟರಿನ ಕಡೆಗಿರಲಿ. ಕೊನೆಯಲ್ಲಿ, ಯೇಸು, ಗಾಂಧಿ, ಕಿಂಗ್ ಅವರ ಬೋಧನೆಗಳನ್ನು ನೆನೆ ಎಂದಿದೆ. ಗಾಂಧೀಜಿಯ ಹೆಸರನ್ನು ಓದುವಾಗ ನನ್ನ ಕಣ್ಣು ತುಂಬಿತು. ಆ ಹೆಸರನ್ನು ಈ ಮಕ್ಕಳು ಕಿಸೆಯಲ್ಲಿಟ್ಟುಕೊಂಡು ಪೆಟ್ಟು ತಿಂದರಲ್ಲ ಅಪ್ಪ, ಹೆಮ್ಮೆಪಡುವ ನಮ್ಮ ಮೇಲೆ ಒಂದು ಋಣವೂ ಇದೆ.

ಅದಕ್ಕೇ ಒಂದು ವಿನಂತಿ. 1938ರಲ್ಲಿ ಶಿವಪುರದಲ್ಲಿ ನಿಷೇಧಾಜ್ಞೆ ಮುರಿದು ಬಾವುಟ ಹಾರಿಸಿ ಬಂಧನಕ್ಕೊಳಗಾದವರ ಕಥೆಯನ್ನು ನೀವು ತುಂಬು ಮನಸ್ಸಿನಿಂದ ಹೇಳುತ್ತೀರಿ, ನನಗೆ ಗೊತ್ತು. ಅದರ ಪಕ್ಕದಲ್ಲೇ ನಮ್ಮ ಕಡೆಯ ಟೀ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ಕಥೆಯನ್ನೂ ಹೇಳಿ. ಅಂಗಡಿ, ಹೋಟೆಲುಗಳಿಗೆ ಎಲ್ಲರಿಗೂ ಪ್ರವೇಶವಿರಬೇಕೆಂದು ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಹೇಳಿತು, ನ್ಯಾಶ್‌ವಿಲ್‌ನ ಮಕ್ಕಳು ಸ್ಟೂಲು ಹತ್ತುವುದಕ್ಕೆ ಹತ್ತು ವರ್ಷ ಮೊದಲು. ಆದರೂ ಆ ಲೋಟ ಎಷ್ಟೋ ಊರುಗಳಲ್ಲಿ ಉಳಿಯಿತು. ಊರಿನ ಹಿರಿಯರು ಎದುರಿಗೆ ಕೂತಿರುತ್ತಾರೆ, ಕೆಲವರಿಗೆ ಇರಿಸುಮುರಿಸಾಗಬಹುದು. ನೀವು ಹೇಳಿದರೆ ಕೇಳುತ್ತಾರೆ. ಅವರಲ್ಲಿ ಅರ್ಧ ಜನ ನಿಮ್ಮ ಶಿಷ್ಯರೇ.

ಸಾಧ್ಯವಾದರೆ ಮಕ್ಕಳನ್ನು ಕುರ್ಚಿಗಳ ಮೇಲೆ ಸಾಲಾಗಿ ಕೂರಿಸಿ, ಆ ತಾಲೀಮನ್ನು ಸ್ವಲ್ಪ ಮಾಡಿಸಿ ನೋಡಿ. ಅವರು ಕೇಳುವ ಪ್ರಶ್ನೆಗಳನ್ನು ಬರೆದಿಟ್ಟು ನನಗೆ ಕಳುಹಿಸಿ, ಗ್ರಂಥಾಲಯದಲ್ಲಿ ವಿಚಾರಿಸಿ ಉತ್ತರ ಬರೆಯುತ್ತೇನೆ. ಕೌಂಟರಿನ ಫೋಟೋಗಳನ್ನು ತಮ್ಮನ ಮೊಬೈಲಿಗೆ ಕಳುಹಿಸಿದ್ದೇನೆ, ದೊಡ್ಡದಾಗಿ ಮುದ್ರಿಸಿ ಕೊಡಲು ಅವನಿಗೆ ಹೇಳಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಅಮ್ಮನಿಗೆ ಭಾನುವಾರ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು