ಚಿತ್ತೆ ಹಿಡಿಯೋ ಮೊದಲು

ಟೊರೊಂಟೊ
ಸೆಪ್ಟೆಂಬರ್ 20

ತೀರ್ಥರೂಪು ಅಪ್ಪನಿಗೆ, ಅವ್ವನಿಗೆ ನಿಮ್ಮ ಮಗಳ ನಮಸ್ಕಾರಗಳು. ನಾವಿಲ್ಲಿ ಕ್ಷೇಮ.

ಫೋನಿನಲ್ಲಿ ಅಪ್ಪನಿಗೆ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೇ ಕಾಗದ. ಫೋಟೋ ತೆಗೆದು ತಮ್ಮನಿಗೆ ಕಳಿಸುತ್ತಿದ್ದೇನೆ, ನಿಧಾನವಾಗಿ ಓದಿ ಹೇಳಲಿ.

ನಡುಮನೆ ಗೋಡೆ ಮತ್ತೆ ಒದ್ದೆಯಾಗಿದೆ ಎಂದು ಅವ್ವ ಹೇಳಿದಾಗಿನಿಂದ ನನ್ನ ಮನಸ್ಸು ಅಲ್ಲೇ ಇದೆ. ದಸರಾಕ್ಕೆ ಬಣ್ಣ ಹೊಡೆಸಿಬಿಡೋಣ ಅಂದರಂತೆ ಅಪ್ಪ. ಈಗ ಬೇಡಪ್ಪ. ಹೋದ ಸಲ ಒಬ್ಬರು ಬಂದು ಹಸಿ ಗೋಡೆಗೇ ವಾಟರ್‌ಪ್ರೂಫ್ ಬಣ್ಣ ಬಳಿದು ಹೋದರಲ್ಲ, ಆರು ತಿಂಗಳಿಗೆ ಹಪ್ಪಳದಂತೆ ಎದ್ದು ಬಂತು. ಒಳಗಿನ ನೀರಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಬಣ್ಣವನ್ನೇ ತಳ್ಳುತ್ತದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು.

ತೇವ ನೆಲದಿಂದ ಮೊಣಕಾಲು, ಸೊಂಟದ ಎತ್ತರಕ್ಕೆ ಏರಿ ನಿಂತು, ಬಿಳಿ ಉಪ್ಪು ಉದುರುತ್ತಿದ್ದರೆ ಅದು ಕೆಳಗಿನ ನೀರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟಾಗಲೆಲ್ಲ ನಮ್ಮ ಹಿತ್ತಿಲ ಬಾವಿ ಮೇಲೇರುತ್ತದಲ್ಲ, ಅದೇ ನೀರು ಮಣ್ಣಿನ ಗೋಡೆ ಹಿಡಿದು ಹತ್ತುತ್ತದೆ. ಆದರೆ ಅವ್ವ ಹೇಳಿದ್ದು ಜಂತೆಯ ಕೆಳಗೆ, ಮಳೆ ಬಂದ ಮಾರನೇ ದಿನ. ಹಾಗಾದರೆ ಅದು ಮೇಲಿನ ನೀರು. ನನಗೆ ಅನುಮಾನ ಹಳೇ ಹೆಂಚಿನ ಮನೆಯೂ ಹೊಸ ಆರ್‌ಸಿಸಿಯೂ ಕೂಡುವ ಸಂದಿನ ಮೇಲೆ. ಮರದ ಮಾಡು ಬಿಸಿಲಿಗೆ ಒಂದು ರೀತಿ ಹಿಗ್ಗುತ್ತದೆ, ಕಾಂಕ್ರೀಟು ಇನ್ನೊಂದು ರೀತಿ. ನಡುವೆ ಮೆತ್ತಿದ ಸಿಮೆಂಟು ಪ್ರತಿ ವರ್ಷ ಬಿರುಕು ಬಿಡಲೇಬೇಕು. ಅಲ್ಲಿಗೆ ಮತ್ತೆ ಸಿಮೆಂಟು ಮೆತ್ತಿಸಬೇಡಿ. ಕಾಂಕ್ರೀಟು ಗೋಡೆಯಲ್ಲಿ ಉದ್ದಕ್ಕೆ ಸಣ್ಣ ಕಚ್ಚು ಕೊರೆದು, ತಗಡಿನ ಒಂದು ಅಂಚನ್ನು ಅದರೊಳಗೆ ಸಿಕ್ಕಿಸಿ, ಇನ್ನೊಂದು ಅಂಚು ಹೆಂಚಿನ ಮೇಲೆ ಇಳಿಬೀಳುವಂತೆ ಹಾಕಿಸಿ. ಆಗ ಎರಡೂ ತಮ್ಮಷ್ಟಕ್ಕೆ ಅಲುಗಾಡಬಹುದು. ಹೆಂಚು ಕೈಯಾಡಿಸುವವರು ಬಂದಾಗಲೇ ಈ ಕೆಲಸವೂ ಆಗಲಿ.

ತಾರಸಿ ಮೂಲೆಯ ನೀರಿನ ಕೊಳವೆಯ ಬಾಯಿಗೆ ತೆಂಗಿನ ಗರಿಯ ಚೂರು, ಬೇವಿನೆಲೆ ಸೇರಿರುತ್ತದೆ, ತೆಗೆಸಿ. ಪಕ್ಕದ ಅಡ್ಡಗೋಡೆಯಲ್ಲಿ ಅರಳಿ ಸಸಿ ಮತ್ತೆ ಚಿಗುರಿದ್ದರೆ ಬರೀ ಕತ್ತರಿಸಿದರೆ ಸಾಲದು, ಬೇರು ಸಮೇತ ಕಿತ್ತು ಬಿರುಕು ಮುಚ್ಚಬೇಕು. ಆಮೇಲೆ ಎರಡು ಬಿಂದಿಗೆ ನೀರು ಸುರಿದು ನೋಡಿ. ನಿಂತರೆ ವಾಟ ಸರಿಯಿಲ್ಲ ಎಂದರ್ಥ.

ಮೇನ್ ಸ್ವಿಚ್ ಬೋರ್ಡು ನಡುಮನೆಯ ಆ ಒದ್ದೆ ಗೋಡೆಯಲ್ಲೇ ಇದೆ. ನನಗೆ ಎಲ್ಲಕ್ಕಿಂತ ಭಯ ಅದರದು. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಅವ್ವ ಅದನ್ನು ಮುಟ್ಟುವುದು ಬೇಡ.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ಹೋದ ಅಕ್ಟೋಬರಿನಲ್ಲಿ ಇಲ್ಲಿ ನನಗೇ ಹಾಗಾಯಿತು. ಈ ಊರಲ್ಲಿ ಆಗ ಮೇಪಲ್ ಮರಗಳು ಎಲೆ ಉದುರಿಸುತ್ತವೆ. ಸೂರಿನ ನೀರು ಹಿಡಿಯುವ ದೋಣಿ ಎಲೆಯಿಂದ ಕಟ್ಟಿಕೊಂಡು, ನೀರು ಗೋಡೆ ಬುಡಕ್ಕೇ ಸುರಿದು ನೆಲಮಾಳಿಗೆಗೆ ಇಳಿಯಿತು. ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪ ಬರೆದ ಕಾಗದಗಳ ಪೆಟ್ಟಿಗೆ ಅಲ್ಲಿತ್ತು. ಶಾಯಿ ಕದಡಿ ಅರ್ಧದಷ್ಟು ಓದಲು ಬರುತ್ತಿಲ್ಲ. ಒಂದು ಗಂಟೆಯ ಕೆಲಸ ಮುಂದೂಡಿದ್ದಕ್ಕೆ ಅಷ್ಟು ಹೋಯಿತು. ಈ ವಾರವೇ ದೋಣಿಯ ಕಸ ತೆಗೆಸಿದ್ದೇನೆ. ಎಲೆಯೆಲ್ಲ ಉದುರಿದ ಮೇಲೆ ಇನ್ನೊಂದು ಸಲ ತೆಗೆಸಬೇಕು. ಹಿಮ ಬೀಳುವ ಮೊದಲು ಹೊರಗಿನ ನಲ್ಲಿಯ ನೀರನ್ನೂ ಒಳಗಿನಿಂದ ನಿಲ್ಲಿಸಿ, ಕೊಳವೆ ಖಾಲಿ ಮಾಡಬೇಕು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಕೊಳವೆಯನ್ನೇ ಒಡೆಯುತ್ತದೆ.

ಅವ್ವ "ಕುರುಡು ಚಿತ್ತೆ" ಅನ್ನುತ್ತಾಳಲ್ಲ, ಆ ಚಿತ್ತೆ ಮಳೆ ಹಿಡಿಯಲು ಇನ್ನು ಮೂರು ವಾರ. ನಡುವೆ ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಸಂದಿನ ಕೆಲಸ ಮುಗಿಯುತ್ತದೆ. ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ. ಬಣ್ಣ ಸಂಕ್ರಾಂತಿ ಕಳೆದ ಮೇಲೆ, ಗೋಡೆ ಪೂರ್ತಿ ಒಣಗಲಿ.

ಅಪ್ಪ, ನೀವು ಮಾತ್ರ ಏಣಿ ಹತ್ತಬೇಡಿ. ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಹೇಳಿ, ಅವರು ಮಾಡುತ್ತಾರೆ. ಆಗಲೇ ನನಗೊಂದು ಕಾಗದವನ್ನೂ ಬರೆಯಿರಿ.

ನಿಮ್ಮ ಮಗಳು