ಸವೆದ ಬ್ರಷ್ ಎಸೆಯೋ ಮುಂಚೆ ಒಂದ್ಸಲ ಒದ್ದೆ ಮಾಡಿ ನೋಡಿ

ಸಂಪಾದಕರಿಗೆ ನಮಸ್ಕಾರ,

ಮನೇಲಿ ಸುಮ್ನೆ ಬಿದ್ದಿರೋ ಸಾಮಾನನ್ನ ಹೊರಗೆ ಹಾಕೋದು ಹೇಗೆ ಅಂತ ನಿಮ್ಮ ಹವ್ಯಾಸದ ಪುಟದಲ್ಲಿ ಒಂದು ಬರಹ ಬಂದಿತ್ತಲ್ಲ, ಅದರಲ್ಲಿ ಪೇಂಟಿಂಗ್ ಮಾಡೋರಿಗೆ ಅಂತ ಒಂದೇ ಒಂದು ಸಾಲು ಇತ್ತು, ತುದಿ ಹಾಳಾದ ಬ್ರಷ್‌ಗಳನ್ನೆಲ್ಲ ಕಸಕ್ಕೆ ಹಾಕಿ ಅಂತ. ಆ ಸಾಲು ಓದಿದಾಗಿಂದ ಬರೀಬೇಕು ಅನ್ನಿಸ್ತಿತ್ತು. ನಾನು ಹವ್ಯಾಸಕ್ಕೆ ಪೇಂಟ್ ಮಾಡೋಳು, ಹೊಸದಾಗಿ ಕಲಿಯೋರ ಜೊತೆ ಕೂತು ಮಾಡೋದೂ ಉಂಟು, ಅಲ್ಲಿ ನಾನು ನೋಡಿದ ಹಾಗೆ ಎರಡು ಥರದ ಜನ ಇರ್ತಾರೆ: ತುದಿಯ ಎರಡು ಕೂದಲು ಸೊಟ್ಟಗಾದ್ರೆ ಸಾಕು ಎಸೆಯೋರು, ಮತ್ತೆ ಯಾವತ್ತೂ ಏನನ್ನೂ ಎಸೆಯದೆ ಹೊಸದು ಹಳೇದು ಎಲ್ಲಾ ಒಂದೇ ಡಬ್ಬಕ್ಕೆ ತುರುಕಿಡೋರು. ನನಗೆ ಎರಡೂ ಸರಿ ಕಾಣಲ್ಲ. ಸವೆದ ಬ್ರಷ್ ಇಟ್ಕೋಬೇಕು, ಆದರೆ ಅದು ಒಳ್ಳೇ ಬ್ರಷ್‌ಗಳ ಡಬ್ಬದಲ್ಲಿ ಇರಬಾರದು, ಬೇರೆ ಡಬ್ಬ, ಬೇರೆ ಕೆಲಸ.

ಬೇರೆ ಡಬ್ಬ ಯಾಕೆ ಅಂತೀನಿ ಅಂದ್ರೆ, ಕಲಿಯೋರು ಕಣ್ಣಿನ ರೆಪ್ಪೆನೋ ಎಲೆಯ ನರನೋ ಬರೆಯೋಕೆ ಕೂತಿರ್ತಾರೆ, ಗೆರೆ ದಪ್ಪ ಬರತ್ತೆ, ಒಂದು ಗೆರೆ ಎಳೆದ್ರೆ ಎರಡಾಗತ್ತೆ, ಆಗ ಅವರು ಬ್ರಷ್ ನೋಡಲ್ಲ, ನನ್ನ ಕೈಯೇ ಸರಿ ಇಲ್ಲ, ನನಗೆ ಇದು ಬರಲ್ಲ ಅಂತ ಎದ್ದು ಹೋಗ್ತಾರೆ. ನಿಜವಾಗ್ಲೂ ಬೇಜಾರಾಗತ್ತೆ ನೋಡೋಕೆ. ಎಷ್ಟೋ ಸಲ ತಪ್ಪು ಕೈದಲ್ಲ, ಸೀಳಿದ ತುದಿದು. ಪರೀಕ್ಷೆ ಮಾಡೋದು ಬಹಳ ಸುಲಭ, ರೌಂಡ್ ಬ್ರಷ್ (ಮೊನೆ ಇರೋ ದುಂಡನೇದು) ಆದ್ರೆ ನೀರಲ್ಲಿ ಚೆನ್ನಾಗಿ ಅದ್ದಿ ಒಂದ್ಸಲ ಜೋರಾಗಿ ಕೊಡವಿ, ಕೂದಲೆಲ್ಲ ತಾನಾಗೇ ಕೂಡಿ ಮೊನೆ ಆದ್ರೆ ಅದು ಇನ್ನೂ ಸೂಕ್ಷ್ಮ ಕೆಲಸಕ್ಕೆ ಆಗತ್ತೆ. ಮೊನೆ ಎರಡಾಗಿ ನಿಂತ್ರೆ ಅಥವಾ ಪಕ್ಕಕ್ಕೆ ಕೂದಲು ಚಾಚಿದ್ರೆ ಆ ಕೆಲಸದಿಂದ ಅದಕ್ಕೆ ನಿವೃತ್ತಿ. ಫ್ಲ್ಯಾಟ್ (ಚಪ್ಪಟೆ ತುದಿಯದು) ಆದ್ರೆ ಅಂಚು ನೇರವಾಗಿ ನಿಲ್ಲತ್ತಾ ನೋಡಿ. ಒಣಗಿದ ಬ್ರಷ್ ನೋಡಿ ತೀರ್ಮಾನ ಮಾಡ್ಬೇಡಿ, ಒಣಗಿದಾಗ ಕೆದರಿಕೊಂಡಿರೋ ಎಷ್ಟೋ ಬ್ರಷ್‌ಗಳು ನೀರು ಬಿದ್ದ ತಕ್ಷಣ ಸರಿಯಾಗಿ ಕೂತ್ಕೋತವೆ.

ಇನ್ನು ಬ್ರಷ್ ಹಾಳಾಗೋದು ಹೇಗೆ ಅನ್ನೋದನ್ನ ಸ್ವಲ್ಪ ಹೇಳ್ಬೇಕು, ಅದು ಗೊತ್ತಿದ್ರೆ ಎಸೆಯೋ ಪ್ರಸಂಗಾನೇ ತಡವಾಗಿ ಬರತ್ತೆ. ಕೂದಲನ್ನೂ ಮರದ ಹಿಡಿಯನ್ನೂ ಸೇರಿಸೋ ಲೋಹದ ಕೊಳವೆ ಇದೆಯಲ್ಲ, ಫೆರೂಲ್ ಅಂತಾರೆ, ಕೂದಲಿನ ಬುಡವನ್ನ ಅದರೊಳಗೆ ಅಂಟು ಹಾಕಿ ಕೂರಿಸಿರ್ತಾರೆ. ಬಣ್ಣ ಆ ಕೊಳವೆ ಬಾಯಿವರೆಗೂ ಹತ್ತಿ ಅಲ್ಲೇ ಒಣಗಿದ್ರೆ ಕೂದಲಿನ ಬುಡ ಹಿಗ್ಗತ್ತೆ, ಬುಡ ಹಿಗ್ಗಿದ್ರೆ ತುದಿ ಬಾಯಿ ಬಿಡತ್ತೆ. ಅದಕ್ಕೇ ಅದ್ದೋವಾಗ ಕೂದಲಿನ ಅರ್ಧಕ್ಕಿಂತ ಮೇಲೆ ಬಣ್ಣ ಹೋಗದ ಹಾಗೆ ನೋಡ್ಕೊಳ್ಳಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳ್ತಾನೇ ಇರ್ತೀನಿ. ಅಕ್ರಿಲಿಕ್‌ನಲ್ಲಿ ಈ ಕಾಟ ಜಾಸ್ತಿ, ಅದರಲ್ಲಿರೋದು ಪ್ಲಾಸ್ಟಿಕ್ ಥರದ್ದೇ ವಸ್ತು, ನೀರು ಆರಿದ ಮೇಲೆ ಅದು ಪದರ ಕಟ್ಟಿಬಿಡತ್ತೆ, ಆಮೇಲೆ ನೀರಿಗೆ ಕರಗಲ್ಲ. ವಾಟರ್‌ಕಲರ್ ಹಾಗಲ್ಲ, ಗೋಂದು ಸೇರಿಸಿ ಮಾಡಿದ್ದು, ಒಣಗಿದ್ರೂ ಮತ್ತೆ ನೀರಿಗೆ ಬಿಟ್ಕೊಳ್ಳತ್ತೆ, ಅದರ ಬ್ರಷ್ ಸವೆಯೋದು ಬಣ್ಣದಿಂದಲ್ಲ, ಒರಟು ಪೇಪರ್ ಮೇಲೆ ಉಜ್ಜಿ ಉಜ್ಜಿ, ಗಟ್ಟಿ ಬಿಲ್ಲೆ ಬಣ್ಣವನ್ನ ಒಳ್ಳೇ ಬ್ರಷ್‌ನಿಂದಾನೇ ಕೆರೆದು ಕೆರೆದು. ಆಯಿಲ್ ಪೇಂಟ್ ಆರೋದಲ್ಲ, ಅಗಸೆ ಎಣ್ಣೆ ಗಾಳಿಯ ಆಕ್ಸಿಜನ್ ಜೊತೆ ಸೇರಿ ಗಟ್ಟಿಯಾಗೋದು, ಹಾಗಾಗಿ ನಾಳೆ ತೊಳೀತೀನಿ ಅಂತ ಬಿಟ್ರೆ ನಾಳೆ ಸ್ವಲ್ಪ ಕಷ್ಟ, ಮುಂದಿನ ವಾರ ಬಹಳ ಕಷ್ಟ. (ಆ ಎಣ್ಣೆ ಒರೆಸಿದ ಬಟ್ಟೆಗಳನ್ನ ಮುದ್ದೆ ಮಾಡಿ ಮೂಲೇಲಿ ಹಾಕ್ಬೇಡಿ, ಗಟ್ಟಿಯಾಗೋವಾಗ ಬಿಸಿ ಹುಟ್ಟತ್ತೆ, ತಾನಾಗೇ ಬೆಂಕಿ ಹತ್ತಿಕೊಳ್ಳೋ ಅಪಾಯ ಇದೆ. ಹರಡಿ ಒಣಗಿಸಿ.)

ಮತ್ತೆ ಎಲ್ಲಕ್ಕಿಂತ ಹೆಚ್ಚು ಬ್ರಷ್ ಕೊಲ್ಲೋದು ನೀರಿನ ಲೋಟ. ತುದಿ ಕೆಳಗೆ ಮಾಡಿ ನೀರಲ್ಲಿ ನಿಲ್ಲಿಸಿ ಮರೆತು ಹೋಗೋದು. ಕೂದಲು ಬಾಗತ್ತೆ, ಅದಷ್ಟೇ ಅಲ್ಲ, ನೀರು ಕೊಳವೆ ಒಳಗೆ ಹೋಗಿ ಮರ ಊದ್ಕೊಳ್ಳತ್ತೆ, ಹಿಡಿಯ ಮೇಲಿನ ಬಣ್ಣ ಬಿರುಕು ಬಿಡತ್ತೆ, ಒಣಗಿದಾಗ ಮರ ಕುಗ್ಗಿ ಕೊಳವೆ ಲೊಡಲೊಡ ಅನ್ನತ್ತೆ. ತೊಳೆದಾದ ಮೇಲೂ ಒದ್ದೆ ಬ್ರಷ್ ಮೇಲ್ಮುಖ ನಿಲ್ಲಿಸ್ಬೇಡಿ, ಮಲಗಿಸಿ ಒಣಗಿಸಿ.

ಉಳಿಸ್ಕೊಳ್ಳೋದಕ್ಕೂ ದಾರಿ ಇದೆ. ಒಣಗಿ ಕಲ್ಲಾದ ಅಕ್ರಿಲಿಕ್ ಬಣ್ಣವನ್ನ ಐಸೊಪ್ರೊಪೈಲ್ ಆಲ್ಕೋಹಾಲ್ (ಸ್ಪಿರಿಟ್ ಥರದ ದ್ರವ) ಮೆದು ಮಾಡತ್ತೆ, ಕೂದಲಿನ ಭಾಗ ಮಾತ್ರ ಸ್ವಲ್ಪ ಹೊತ್ತು ಅದ್ದಿ, ಬೆರಳಲ್ಲಿ ತಿಕ್ಕಿ, ಸೋಪು ಹಾಕಿ ತೊಳೀಬೇಕು, ಹಿಡಿಗೆ ತಾಗಿದ್ರೆ ಅದರ ವಾರ್ನಿಷ್ ಎದ್ದು ಬರಬಹುದು, ಹುಷಾರು, ಕಿಟಕಿ ತೆಗೆದಿರಿ, ಹತ್ರ ಬೆಂಕಿ ಇರಬಾರದು. ನೈಲಾನ್ ಥರದ ಸಿಂಥೆಟಿಕ್ ಬ್ರಷ್ ತುದಿ ಕೊಕ್ಕೆ ಥರ ಬಾಗಿದ್ರೆ ಬಿಸಿ ನೀರಲ್ಲಿ ಬರೀ ತುದಿಯನ್ನ ಕ್ಷಣ ಹೊತ್ತು ಅದ್ದಿ ಬೆರಳಿಂದ ನೇರ ಮಾಡಿದ್ರೆ ತಕ್ಕಮಟ್ಟಿಗೆ ಸರಿ ಹೋಗತ್ತೆ, ಅದು ಪ್ಲಾಸ್ಟಿಕ್ ಆದ್ದರಿಂದ ಬಿಸಿಗೆ ಬಗ್ಗತ್ತೆ, ಆದರೆ ಆ ಕೊಕ್ಕೆ ಸ್ವಲ್ಪ ದಿನಕ್ಕೆ ವಾಪಸ್ ಬರೋದು ಮಾಮೂಲು. ಪ್ರಾಣಿಯ ಕೂದಲಿನ ಬ್ರಷ್‌ಗೆ ಬಿಸಿ ನೀರು ಬೇಡವೇ ಬೇಡ, ಅದಕ್ಕೆ ಸೋಪಿನ ನೊರೆ ಹಚ್ಚಿ ಮೊನೆ ಮಾಡಿ ಹಾಗೇ ಒಣಗೋಕೆ ಬಿಡಿ, ಬಳಸೋ ಮುಂಚೆ ತೊಳೀರಿ. ಕೊಲಿನ್ಸ್ಕಿ ಸೇಬಲ್ ಅಂತ ಕರೆಯೋ ದುಬಾರಿ ಬ್ರಷ್‌ಗಳ ಕೂದಲು ಸೈಬೀರಿಯಾ ಕಡೆಯ ವೀಸಲ್ ಜಾತಿಯ, ಮುಂಗುಸಿ ಥರ ಕಾಣೋ ಪ್ರಾಣಿಯೊಂದರ ಬಾಲದ್ದು. ಒಂದು ಜೀವದಿಂದ ಬಂದಿದ್ದನ್ನ ತುದಿ ಸ್ವಲ್ಪ ಮೊಂಡಾಯ್ತು ಅಂತ ಎಸೆಯೋಕೆ ನನಗಂತೂ ಮನಸ್ಸು ಬರಲ್ಲ.

ಇಷ್ಟೆಲ್ಲ ಮಾಡಿದ್ರೂ ಮೊನೆ ಬರಲಿಲ್ಲ ಅನ್ಕೊಳ್ಳಿ, ಅಲ್ಲಿಂದಲೇ ಆ ಬ್ರಷ್‌ನ ಇನ್ನೊಂದು ಬದುಕು ಶುರು. ಕೆದರಿದ ರೌಂಡ್ ಬ್ರಷ್‌ಗೆ ಸ್ವಲ್ಪವೇ ಬಣ್ಣ ಹಚ್ಚಿ, ಬಟ್ಟೆಗೆ ಒರೆಸಿ, ನೆಟ್ಟಗೆ ಹಿಡಿದು ಕುಟ್ಟಿ ನೋಡಿ, ಮರದ ಎಲೆಗೊಂಚಲು, ಪೊದೆ, ಪಾಚಿ, ಕಲ್ಲಿನ ಒರಟು, ಇವು ಹೊಸ ಬ್ರಷ್‌ನಲ್ಲಿ ಎಷ್ಟು ಕಷ್ಟಪಟ್ರೂ ಹಾಗೆ ಬರಲ್ಲ, ಹೊಸದು ಎಲ್ಲಾ ಚುಕ್ಕೀನೂ ಒಂದೇ ಥರ ಇಡತ್ತೆ, ಹಳೇದು ಒಂದೊಂದು ಸಲ ಒಂದೊಂದು ಥರ. ಸವೆದ ಫ್ಲ್ಯಾಟ್‌ನ ಕೂದಲು ಅಲ್ಲಲ್ಲಿ ಬಿಟ್ಕೊಂಡಿದ್ರೆ ಒಂದೇ ಎಳೆತಕ್ಕೆ ಹುಲ್ಲಿನ ಎಸಳು ಹತ್ತಾರು. ಹಂದಿ ಕೂದಲಿನ ಬ್ರಷ್ ಹೊಸದಿದ್ದಾಗ ಪ್ರತಿ ಕೂದಲ ತುದಿನೂ ಸೀಳಿರತ್ತೆ, ಅದರಿಂದಾನೇ ಬಣ್ಣ ಚೆನ್ನಾಗಿ ಹಿಡಿಯೋದು, ಸವೀತಾ ಸವೀತಾ ಆ ಸೀಳು ಹೋಗಿ ಗಿಡ್ಡ ಮೊಂಡಾಗತ್ತೆ, ಆದರೆ ಒಣಗಿದ ಪದರದ ಮೇಲೆ ತೆಳ್ಳಗೆ ಇನ್ನೊಂದು ಬಣ್ಣ ಉಜ್ಜಿ ಮಂಜು, ಮೋಡ ಮಾಡೋಕೆ ಆ ಮೊಂಡು ಬ್ರಷ್‌ಗೆ ಸಮ ಇಲ್ಲ. ವಾಟರ್‌ಕಲರ್‌ನಲ್ಲಿ ಹಾಕಿದ ಬಣ್ಣವನ್ನ ಒದ್ದೆ ಮಾಡಿ ಉಜ್ಜಿ ಎತ್ತಬೇಕಾದಾಗಲೂ ಅಷ್ಟೇ, ಅದಕ್ಕೆ ಒಳ್ಳೇ ಬ್ರಷ್ ಮುಟ್ಟಬಾರದು. ಬಿಳಿ ಜಾಗ ಉಳಿಸೋಕೆ ಹಚ್ಚೋ ಮಾಸ್ಕಿಂಗ್ ಫ್ಲೂಯಿಡ್ ರಬ್ಬರಿನದು, ಕೂದಲಲ್ಲಿ ಒಣಗಿದ್ರೆ ಬಿಡಿಸೋಕಾಗಲ್ಲ, ಅದಕ್ಕೆ ಯಾವಾಗ್ಲೂ ಹಳೇದೇ, ಅದನ್ನೂ ಮೊದಲು ಸೋಪಲ್ಲಿ ಅದ್ದಿ. ಬಣ್ಣ ಕಲಸೋದು, ಅಂಟು ಹಚ್ಚೋದು, ಕ್ಯಾನ್ವಾಸ್‌ಗೆ ಜೆಸ್ಸೋ (ಬಣ್ಣಕ್ಕೆ ಮುಂಚಿನ ತಳಪದರ) ಬಳಿಯೋದು, ಇವೆಲ್ಲ ಹೇಳ್ಬೇಕಾಗಿಲ್ಲ.

ಕೂದಲು ಪೂರ್ತಿ ಹೋದ್ರೂ ಹಿಡಿ ಉಳಿಯತ್ತಲ್ಲ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ಸುಮಾರು 1628ರಲ್ಲಿ, ಇನ್ನೂ ಯುವಕನಾಗಿದ್ದಾಗ, ಬರೆದುಕೊಂಡ ತನ್ನದೇ ಚಿತ್ರ ಇದೆ, ಅದರಲ್ಲಿ ಗುಂಗುರು ಕೂದಲಿನ ಎಳೆಗಳನ್ನ ಹಸಿ ಬಣ್ಣದಲ್ಲಿ ಬ್ರಷ್ಷಿನ ಹಿಂತುದಿಯಿಂದ ಗೀರಿ ತೆಗೆದಿದಾನೆ. ಅದನ್ನ ನೋಡಿದ ಮೇಲೆ ಹಿಡಿ ಎಸೆಯೋಕೂ ಕೈ ಬರಲ್ಲ ನನಗೆ, ಸ್ವಲ್ಪ ಚೂಪು ಮಾಡಿ ಇಟ್ಕೋತೀನಿ. ಇನ್ನು ಏನನ್ನೂ ಎಸೆಯದವರ ವಿಷ್ಯಕ್ಕೆ ಬಂದ್ರೆ, ಇಪ್ಪತ್ತನೇ ಶತಮಾನದ ಚಿತ್ರಕಾರ ಫ್ರಾನ್ಸಿಸ್ ಬೇಕನ್ ತೀರಿಕೊಂಡ ಮೇಲೆ ಲಂಡನ್‌ನಲ್ಲಿದ್ದ ಅವನ ಸ್ಟುಡಿಯೋವನ್ನ ಇದ್ದ ಹಾಗೇ ಬಿಚ್ಚಿ ಡಬ್ಲಿನ್‌ನ ಹ್ಯೂ ಲೇನ್ ಗ್ಯಾಲರಿಗೆ ಸಾಗಿಸಿದರು, 7000ಕ್ಕೂ ಹೆಚ್ಚು ವಸ್ತುಗಳು, ಬ್ರಷ್ಷು ಡಬ್ಬ ಎಲ್ಲಾ ಸೇರಿ, 2001ರಲ್ಲಿ ಜನ ಗಾಜಿನಾಚೆ ನಿಂತು ನೋಡೋ ಹಾಗೆ ತೆರೆದಿಟ್ಟರು. ಅದು ಬೇಕನ್‌ಗೆ ಸರಿ. ನಮ್ಮ ಮೇಜಿನ ಮೇಲೆ ಅಷ್ಟು ಜಾಗ ಇಲ್ಲ, ನಮಗೆ ಬ್ರಷ್ ಬೇಕಾದಾಗ ಕೈಗೆ ಸಿಗಬೇಕು.

ಒಂದು ಮಾತನ್ನ ಮಾತ್ರ ಬಿಡದೆ ಹಾಕಿ ಸರ್. ಮೊನೆ ಹೋದ ಬ್ರಷ್ಷನ್ನ ತುಟಿಗೆ ಇಟ್ಟು ಚೂಪು ಮಾಡೋ ಅಭ್ಯಾಸ ಬಹಳ ಜನಕ್ಕಿದೆ, ದಯವಿಟ್ಟು ಬೇಡ. ಕ್ಯಾಡ್ಮಿಯಂ, ಕೋಬಾಲ್ಟ್ ಇರೋ ಬಣ್ಣಗಳು ಹೊಟ್ಟೆಗೆ ಹೋಗೋ ವಸ್ತುಗಳಲ್ಲ. ಅಮೆರಿಕದಲ್ಲಿ 1910ರ ದಶಕದ ಕೊನೆಯಿಂದ 1920ರ ದಶಕದಲ್ಲಿ ಗಡಿಯಾರದ ಮುಖಕ್ಕೆ ವಿಕಿರಣ ಸೂಸೋ ರೇಡಿಯಂ ಬಣ್ಣ ಬರೀತಿದ್ದ ಹೆಣ್ಣುಮಕ್ಕಳಿಗೆ ಬ್ರಷ್ಷನ್ನ ತುಟಿಯಲ್ಲೇ ಚೂಪು ಮಾಡಿ ಅಂತ ಹೇಳಿಕೊಟ್ಟಿದ್ದರು, ಎಷ್ಟೋ ಜನ ದವಡೆ ಕೊಳೆತು ಸತ್ತರು. ನಮ್ಮ ಬಣ್ಣದಲ್ಲಿ ರೇಡಿಯಂ ಇಲ್ಲ ನಿಜ, ಆದರೂ ಬೆರಳು ಇದೆ, ಒದ್ದೆ ಬಟ್ಟೆ ಇದೆ, ಬಾಯಿ ಯಾಕೆ?

ಹಾಗಾದ್ರೆ ಎಸೆಯೋದು ಯಾವುದನ್ನ? ಕೂದಲು ಉದುರಿಸ್ತಾನೇ ಇರೋದನ್ನ ಎಸೀರಿ, ಉದುರಿದ ಕೂದಲು ಬಣ್ಣದಲ್ಲಿ ಅಂಟಿ ಒಣಗಿದ್ರೆ ಚಿತ್ರ ಹಾಳು, ಅದರಲ್ಲೂ ಕೊನೇ ವಾರ್ನಿಷ್‌ಗೆ ಅಂಥದ್ದನ್ನ ಮುಟ್ಟಲೇಬಾರದು. ಕೊಳವೆ ಒಳಗಿನ ಅಂಟೇ ಬಿಟ್ಟು ಕೂದಲಿನ ಗೊಂಚಲು ಹೊರಗೆ ಬಂದಿದ್ದನ್ನೂ ಎಸೀರಿ. ಬರೀ ಕೊಳವೆ ಸಡಿಲ ಆಗಿದ್ರೆ ಒಂದು ಹನಿ ಅಂಟು ಹಾಕಿ ಇಕ್ಕಳದಿಂದ ಒತ್ತಿದ್ರೆ ಸಾಕು. ಎಸೆಯೋವಾಗಲೂ ಗೊತ್ತಿರಲಿ, ಮರ, ಲೋಹ, ಪ್ಲಾಸ್ಟಿಕ್ ಕೂದಲು, ಅಂಟು ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡಿರೋ ವಸ್ತು ಅದು, ಹಾಗೇ ಹಾಕಿದ್ರೆ ಮರುಬಳಕೆಗೆ ಹೋಗೋದು ಕಷ್ಟ, ಕೊಳವೆ ಎಳೆದು ಹಿಡಿ ಬೇರೆ ಮಾಡಿದ್ರೆ ಮರವಾದ್ರೂ ಉಳಿಯತ್ತೆ.

ಆದ್ದರಿಂದ ನಿಮ್ಮ ಹವ್ಯಾಸದ ಪುಟದಲ್ಲಿ ಎಸೆಯಿರಿ ಅನ್ನೋ ಆ ಒಂದು ಸಾಲಿನ ಬದಲು ಬ್ರಷ್ ತೊಳೆಯೋದು, ಬೇರ್ಪಡಿಸೋದು, ಹಳೇದರಲ್ಲಿ ಏನೇನು ಬರೀಬಹುದು ಅನ್ನೋದ್ರ ಬಗ್ಗೆ ಒಂದು ಪೂರ್ತಿ ಬರಹ ಹಾಕಿ, ಫೋಟೋ ಸಮೇತ ಹಾಕಿದ್ರೆ ಕಲಿಯೋ ಮಕ್ಕಳಿಗೂ ಅರ್ಥ ಆಗತ್ತೆ.

ಇಂತಿ,
ಹವ್ಯಾಸಿ ಚಿತ್ರಕಾರ್ತಿ, ನಿಮ್ಮ ಓದುಗಿ