ಕೆಟ್ಟಿರುವುದು ಪ್ರಿಂಟರ್ ಅಲ್ಲ, ಅದರ ವಿಳಾಸ

ಮಾನ್ಯರೇ,

ಮಳೆಗಾಲ ಬಂತೆಂದರೆ ಝೆರಾಕ್ಸ್ ಅಂಗಡಿ, ಶಾಲೆಯ ಆಫೀಸು, ವಕೀಲರ ಕಚೇರಿ ಎಲ್ಲೆಡೆ ಒಂದೇ ದೂರು: ಕರೆಂಟು ಹೋಗಿ ಬಂದ ಮೇಲೆ ವೈಫೈ ಪ್ರಿಂಟರ್ ‘ಆಫ್‌ಲೈನ್’ ಎನ್ನುತ್ತಿದೆ. ಅದನ್ನು ಹೊತ್ತುಕೊಂಡು ಸರ್ವಿಸ್ ಸೆಂಟರಿಗೆ ಹೋದರೆ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಬಹುಪಾಲು ಸಲ ತಪ್ಪಿರುವುದು ಯಂತ್ರವಲ್ಲ, ರೂಟರ್ (ವೈಫೈ ಹಂಚುವ ಪೆಟ್ಟಿಗೆ) ಅದಕ್ಕೆ ಕೊಟ್ಟ ವಿಳಾಸ.

ರೂಟರ್ ತನ್ನ ಜಾಲಕ್ಕೆ ಸೇರಿದ ಪ್ರತಿಯೊಂದಕ್ಕೂ 192.168.1.7ರಂಥ ಐಪಿ ವಿಳಾಸ ಹಂಚುತ್ತದೆ. ಅದು ಕಾಯಂ ಅಲ್ಲ, ಬಾಡಿಗೆ ಇದ್ದಂತೆ. ಅನೇಕ ರೂಟರ್‌ಗಳಲ್ಲಿ ಗಡುವು 24 ಗಂಟೆ. ರೂಟರ್ ಆಫ್ ಆಗಿ ಆನ್ ಆದಾಗ ಆ 7 ಯಾರದೋ ಮೊಬೈಲಿನ ಪಾಲಾಗಿ ಪ್ರಿಂಟರಿಗೆ 12 ಸಿಗಬಹುದು. ಕಂಪ್ಯೂಟರ್ ಮಾತ್ರ ಬಾಡಿಗೆದಾರ ಬಿಟ್ಟುಹೋದ ಹಳೇ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ.

ಏನನ್ನೂ ಬಿಚ್ಚುವ, ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಅಳಿಸುವ ಮೊದಲು ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ಮಾಹಿತಿಯ ಹಾಳೆಯೊಂದನ್ನು ತೆಗೆಯಿರಿ. ಅದರಲ್ಲಿ ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ. ಸರಿಯಾದ ವಿಳಾಸವಿದ್ದರೆ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟ್‌ನಿಂದ (ಆಜ್ಞೆ ಟೈಪ್ ಮಾಡುವ ಕಿಟಕಿ) ಆ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ’ ಎಂದು ಕೂಗಿ ನೋಡಿ. ಉತ್ತರ ಬಂದರೂ ‘ಆಫ್‌ಲೈನ್’ ಎನ್ನುತ್ತಿದ್ದರೆ ವೈಫೈಯನ್ನು ಬಿಟ್ಟುಬಿಡಿ, ದೋಷ ಕಂಪ್ಯೂಟರ್‌ನಲ್ಲಿದೆ.

ಗಟ್ಟಿ ಪರಿಹಾರಕ್ಕೆ ಎರಡು ಕಡೆ ಕೈಹಾಕಬೇಕು. ಮೊದಲನೆಯದು ರೂಟರ್. ಬ್ರೌಸರ್‌ನಲ್ಲಿ ಅದರ ಪುಟ ತೆರೆದು (ಸಾಮಾನ್ಯವಾಗಿ 192.168.1.1), ಡಿಎಚ್‌ಸಿಪಿ (ವಿಳಾಸ ಹಂಚುವ) ವಿಭಾಗದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ (ತಯಾರಕರೇ ಕೊಟ್ಟ ಗುರುತಿನ ಸಂಖ್ಯೆ) ಒಂದು ಐಪಿಯನ್ನು ಕಾಯ್ದಿರಿಸಿ. ಲ್ಯಾನ್ ಕಿಂಡಿಯೂ ಇರುವ ಪ್ರಿಂಟರ್‌ಗಳಲ್ಲಿ ತಂತಿಗೊಂದು, ವೈಫೈಗೊಂದು ಬೇರೆ ಬೇರೆ ಮ್ಯಾಕ್ ಇರುತ್ತದೆ, ವೈಫೈಯದನ್ನೇ ಬರೆಯಬೇಕು. ರೂಟರ್‌ಗೆ ಹೇಳದೆ ಪ್ರಿಂಟರ್‌ನಲ್ಲಷ್ಟೇ ವಿಳಾಸ ಕಟ್ಟಿಹಾಕಿದರೆ ಅದನ್ನೇ ರೂಟರ್ ಮತ್ತೊಬ್ಬರಿಗೆ ಕೊಟ್ಟು ಎರಡೂ ಡಿಕ್ಕಿಯಾಗಬಹುದು. ಎರಡನೆಯದು ವಿಂಡೋಸ್. ಅದು ತಾನಾಗಿ ಸೇರಿಸಿಕೊಂಡ ಪ್ರಿಂಟರ್ ಹೆಚ್ಚಾಗಿ ಡಬ್ಲ್ಯುಎಸ್‌ಡಿ (ಸಾಧನವನ್ನು ತಾನೇ ಹುಡುಕಿಕೊಳ್ಳುವ) ಪೋರ್ಟ್‌ನಲ್ಲಿರುತ್ತದೆ, ಪದೇ ಪದೇ ಕೈಕೊಡುವುದೂ ಅದೇ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ಗೆ ಹೋಗಿ, ಐಪಿ ವಿಳಾಸದಿಂದ ನೇರ ಸಂಪರ್ಕಿಸುವ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಸೇರಿಸಿ, ಕಾಯ್ದಿರಿಸಿದ ವಿಳಾಸ ಕೊಡಿ. ಅಲ್ಲೇ ಕಾನ್ಫಿಗರ್ ಪೋರ್ಟ್‌ನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್‌ನ ಗುರುತು ತೆಗೆದುಹಾಕಿ. ಅದು ಪ್ರಿಂಟರ್‌ನ ಸ್ಥಿತಿ ಕೇಳುವ ಪ್ರಶ್ನೆ. ಆ ಪ್ರಶ್ನೆಗೆ ಪ್ರಿಂಟರ್ ಉತ್ತರಿಸದಿದ್ದರೆ, ಅದು ಎದುರಿಗೇ ಎಚ್ಚರವಾಗಿದ್ದರೂ ವಿಂಡೋಸ್ ‘ಆಫ್‌ಲೈನ್’ ಎಂದು ಬರೆದುಬಿಡುತ್ತದೆ. ಕೆಲಸ ಕೆಡಿಸುವ ಗುರುತುಗಳಲ್ಲಿ ಇದಕ್ಕೇ ಮೊದಲ ಬಹುಮಾನ!

ವೈಫೈಯೇ ಕಡಿಯುತ್ತಿದ್ದರೆ ಕಾರಣ ಬೇರೆ. ಮನೆ, ಸಣ್ಣ ಕಚೇರಿಗಳ ಎಷ್ಟೋ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್‌ನ ವೈಫೈ ಅಲೆ ಮಾತ್ರ ಗೊತ್ತು. ಈಗಿನ ಅನೇಕ ರೂಟರ್‌ಗಳು 2.4, 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಟ್ಟು, ಸಾಧನಗಳನ್ನು 5ರ ಕಡೆಗೆ ತಳ್ಳಲು ನೋಡುತ್ತವೆ. ಎರಡಕ್ಕೂ ಬೇರೆ ಹೆಸರಿಟ್ಟು ಪ್ರಿಂಟರನ್ನು 2.4ಕ್ಕೆ ಸೇರಿಸಿ. ಚಾನೆಲನ್ನು (ಆ ಅಲೆಯೊಳಗಿನ ದಾರಿ) ‘ಆಟೋ’ಗೆ ಬಿಡದೆ 1, 6, 11ರಲ್ಲಿ ಅಕ್ಕಪಕ್ಕದವರ ಗದ್ದಲ ಕಡಿಮೆಯಿರುವುದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು. ಹಳೆಯ ಪ್ರಿಂಟರಿಗೆ ವೈಫೈ ಸುರಕ್ಷತೆಯ ಹೊಸ ಮಾದರಿ ಡಬ್ಲ್ಯುಪಿಎ3 ಅರ್ಥವಾಗದು, ಡಬ್ಲ್ಯುಪಿಎ2 ಇಡಿ. ಗೆಸ್ಟ್ ನೆಟ್‌ವರ್ಕ್‌ಗಂತೂ ಸೇರಿಸಲೇಬೇಡಿ, ಅಲ್ಲಿ ಸಾಮಾನ್ಯವಾಗಿ ಸಾಧನಗಳು ಒಂದನ್ನೊಂದು ಕಾಣದಂತೆ ಗೋಡೆ ಕಟ್ಟಿರುತ್ತಾರೆ. ಕಬ್ಬಿಣದ ಬೀರು, ಮೈಕ್ರೊವೇವ್ ಒಲೆ ಪಕ್ಕದಲ್ಲಿದ್ದರೆ ಜಾಗ ಬದಲಿಸಿ. ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು ವಿಪಿಎನ್ (ಆಫೀಸಿನ ಜಾಲಕ್ಕೆ ಸೇರಿಸುವ ಖಾಸಗಿ ಸಂಪರ್ಕ) ಬಿಟ್ಟು ಒಮ್ಮೆ ಪ್ರಯತ್ನಿಸಲಿ.

ಇನ್ನು ಕರೆಂಟಿನ ಮಾತು. ಫೈಬರ್ ಇಂಟರ್‌ನೆಟ್‌ನ ರೂಟರ್ ಪೆಟ್ಟಿಗೆ ಪೂರ್ತಿ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು. ಪ್ರಿಂಟರ್ ಅದಕ್ಕಿಂತ ಬೇಗ ಎದ್ದು, ವೈಫೈ ಹುಡುಕಿ, ಸಿಗದೆ ಸುಮ್ಮನಾಗಿಬಿಡುವುದುಂಟು. ರೂಟರ್‌ನ ದೀಪಗಳು ಸ್ಥಿರವಾಗಿ ಉರಿಯತೊಡಗಿದ ಮೇಲೆ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ರೂಟರಿಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಇದ್ದರೆ ಈ ತಾಪತ್ರಯವೇ ಕಡಿಮೆ, ಆದರೆ ಕೊಳ್ಳುವ ಮುನ್ನ ರೂಟರ್ ಅಡಾಪ್ಟರ್‌ನ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ.

ಇಂಟರ್‌ನೆಟ್ ಸಂಪರ್ಕ ಕೊಡುವವರಲ್ಲಿ ಒಂದು ಬೇಡಿಕೆಯಿದೆ. ಅನುಸ್ಥಾಪನೆಗೆ ಬಂದ ಹುಡುಗ ವೈಫೈ ಪಾಸ್‌ವರ್ಡ್ ಹೇಳಿ ಹೋಗುತ್ತಾನೆ, ರೂಟರ್ ಪುಟದ ಅಡ್ಮಿನ್ ಪಾಸ್‌ವರ್ಡ್ ಹೇಳುವುದಿಲ್ಲ. ಅದಿಲ್ಲದೆ ಮೇಲಿನ ಅರ್ಧದಷ್ಟು ಕೆಲಸ ಗ್ರಾಹಕರ ಕೈಗೆಟುಕದು. ಅದನ್ನು ಬಿಲ್ಲಿನ ಜೊತೆ ಬರೆದುಕೊಡಲಿ. ರೂಟರ್ ಬದಲಿಸುವಾಗ ಹಳೇ ವೈಫೈ ಹೆಸರು, ಪಾಸ್‌ವರ್ಡನ್ನು ಒಂದಕ್ಷರವೂ ತಪ್ಪದೆ, ದೊಡ್ಡಕ್ಷರ ಸಣ್ಣಕ್ಷರ ಸಹಿತ ಹೊಸದಕ್ಕೂ ಹಾಕಲಿ. ಪ್ರಿಂಟರ್ ತಾನಾಗಿ ಸೇರಿಕೊಳ್ಳುತ್ತದೆ.

– ಕಂಪ್ಯೂಟರ್ ನೆಟ್‌ವರ್ಕ್ ತಂತ್ರಜ್ಞರು, ಹುಬ್ಬಳ್ಳಿ